ಲಖ್ಯಾ ಡ್ಯಾಂನ ಫೋಟೋ

ಬೆಳಿಗ್ಗೆ ಗೆಳತಿಯೊಬ್ಬಳು ಕುದುರೆಮುಖದ ಲಖ್ಯಾ ಡ್ಯಾಂನ ಫೋಟೋ ಕಳಿಸಿದ್ದಳು. ಸುತ್ತ ಹಸಿರು ಗುಡ್ಡ, ನಡುವೆ ನೀರು. ಎಂಥ ಚಂದದ ಕೆರೆ ಅಲ್ವಾ ಅಂತ ಕೇಳಿದಳು.

ಚಂದ ಹೌದು. ಆದರೆ ಅದು ನೀರಿಗಾಗಿ ಕಟ್ಟಿದ್ದಲ್ಲ. ಗಣಿಯ ಕೆಸರು ತಡೆಯಲು ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಮಣ್ಣಿನ ಒಡ್ಡು.

ಆಗಿನಿಂದ ಆ ಕೆಸರೇ ತಲೆಯಲ್ಲಿ ಕೂತಿದೆ. ಅಲ್ಲಿನ ಅದಿರಿನಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಕಲ್ಲನ್ನು ರಾಗಿ ಹಿಟ್ಟಿನ ಹಾಗೆ ನುಣ್ಣಗೆ ಅರೆದು, ಕಬ್ಬಿಣದ ಪುಡಿ ಬೇರೆ ಮಾಡಿ, ಅದನ್ನು ನೀರಿನಲ್ಲಿ ಕಲಸಿ ಪೈಪಿನಲ್ಲೇ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಹುಡಿಯೆಲ್ಲ ಲಖ್ಯಾ ಹೊಳೆಯ ಕಣಿವೆಗೆ. ಕಬ್ಬಿಣ ಹಡಗು ಹತ್ತಿ ಹೋಯಿತು, ಹುಡಿ ಇಲ್ಲೇ ಉಳಿಯಿತು. ವರ್ಷಗಟ್ಟಲೆ ಸುರಿದದ್ದು.

ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಒಡ್ಡಿಗೆ ಮಾತ್ರ ರಜೆ ಇಲ್ಲ. ಅಲ್ಲಿಯ ಮಳೆ ಗೊತ್ತಲ್ವಾ, ಪ್ರತಿ ಮಳೆಗಾಲದಲ್ಲೂ ಅದು ಗಟ್ಟಿಯಾಗಿ ನಿಲ್ಲಲೇಬೇಕು.

ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಒಡೆದದ್ದೂ ಹೊಸ ಕೆಸರು ಸುರಿಯುವುದು ನಿಂತಿದ್ದ ಒಡ್ಡೇ. 270 ಜನ ಸತ್ತರು, ಕೆಳಗೇ ಇದ್ದ ಕ್ಯಾಂಟೀನ್ ಕೂಡ ಕೆಸರಿನಡಿ ಹೋಯಿತು. ಎರಡೂ ಒಂದೇ ಥರ ಅಂತ ನಾನು ಹೇಳುತ್ತಿಲ್ಲ, ಸುಮ್ನೆ ಹೆದರಿಸುವ ಆಸೆಯೂ ಇಲ್ಲ. ಆದರೆ ಲಖ್ಯಾದ ಕೆಳಗೆ ಭದ್ರೆ ಇದ್ದಾಳೆ, ಕಳಸ ಇದೆ, ಬಾಳೆಹೊನ್ನೂರು ಇದೆ. ಪ್ರತಿ ವರ್ಷ ಒಡ್ಡಿನ ತಪಾಸಣೆ ವರದಿಯನ್ನು ಕನ್ನಡದಲ್ಲಿ ಬರೆದು ಆ ಊರುಗಳ ಪಂಚಾಯಿತಿ ಬೋರ್ಡಿಗೆ ಹಚ್ಚಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆ ಕಡೆಯವರು ಯಾರಾದರೂ ಇದ್ದರೆ ಹೇಳಿ, ಒಟ್ಟಿಗೆ ಕೇಳೋಣ.