ದೇವರನ್ನು ನೀರಿನಿಂದ ಕರೆಯುವ ಮಣಿಪುರ

ನಮ್ಮ ಚಿತ್ರದುರ್ಗದ ಕಡೆ ಜಾತ್ರೆ ಅಂದರೆ ಊರ ದೇವರು ಮೊದಲು ಹೊಳೆಗೆ ಹೊರಡಬೇಕು. ಉರುಮೆ ಬಡಿದುಕೊಂಡು, ದೇವರನ್ನು ಹೊತ್ತು, ನೀರಿದ್ದಲ್ಲಿಗೆ ಹೋಗಿ ಗಂಗಾಪೂಜೆ ಮುಗಿಸಿಕೊಂಡು ಬರುತ್ತೇವೆ. ಹೊಳೆ ಬತ್ತಿದ್ದರೆ ಯಾರದ್ದೋ ತೋಟದ ಬೋರ್‌ವೆಲ್ಲೇ ಗಂಗೆ, ಏನು ಮಾಡೋದು!

ಮಣಿಪುರದ ಮೈತೇಯಿ ಸಮುದಾಯದವರಲ್ಲಿ ಇದು ಉಲ್ಟಾ. ಅವರ ದೊಡ್ಡ ಹಬ್ಬ ಲಾಯಿ ಹರಾವೊಬಾ ಶುರುವಾಗುವುದೇ ನೀರಿನಿಂದ ದೇವರನ್ನು ಕರೆಯುವುದರಿಂದ. ಊರಿನವರೆಲ್ಲ ಮೆರವಣಿಗೆಯಲ್ಲಿ ಕೆರೆಗೋ ಹೊಳೆಗೋ ಹೋಗುತ್ತಾರೆ. ಮಾಯಿಬಿ ಅಂದರೆ ಅವರ ಪೂಜಾರಿಣಿ, ಬಿಳಿ ಬಟ್ಟೆ ಉಟ್ಟು ದಡದಲ್ಲಿ ಕೂತು ಗಂಟೆ ಬಾರಿಸುತ್ತಾಳೆ. ಪಕ್ಕದಲ್ಲಿ ಪೆನಾ ಅನ್ನುವ ಒಂಟಿ ತಂತಿಯ ವಾದ್ಯ ನುಡಿಸುತ್ತಾ ಹಾಡುತ್ತಿರುತ್ತಾರೆ. ನೀರಿಗೆ ಚಿನ್ನ, ಬೆಳ್ಳಿಯ ಚೂರು ಹಾಕಿ, ಉದ್ದನೆಯ ದಾರ ಇಳಿಬಿಡುತ್ತಾರೆ. ಆ ದಾರ ಹಿಡಿದೇ ದೇವರು ಮೇಲೆ ಬಂದು ಮಡಕೆಯೊಳಗೆ ಸೇರುತ್ತೆ ಅನ್ನುವುದು ನಂಬಿಕೆ, ಗಂಡು ದೇವರಿಗೊಂದು ಮಡಕೆ, ಹೆಣ್ಣು ದೇವರಿಗೊಂದು. ಮಾಯಿಬಿಯ ಮೈಮೇಲೆ ಬರುವುದೂ ಅಲ್ಲೇ. ಮೈಮೇಲೆ ಬಂದಾಗ ಅವಳು ಹೇಳುವ ಮಾತನ್ನು ಊರಿನವರು ಕಿವಿಗೊಟ್ಟು ಕೇಳುತ್ತಾರೆ. ಇದಂತೂ ನಮಗೆ ಹೊಸದಲ್ಲ ಬಿಡಿ.

ನೀರಿಗೇ ಮೀಸಲಾದ ದೇವರುಗಳೂ ಅವರಿಗಿವೆ. ಇರಾಯಿ ಲೈಮಾ ನೀರಿನ ದೇವಿ. ವಾಂಗ್‌ಬ್ರೆನ್ ನೀರಡಿಯ ಲೋಕದ ಒಡೆಯ, ಆಗ್ನೇಯ ದಿಕ್ಕು ಕಾಯುವವನೂ ಅವನೇ. ನಮ್ಮ ವರುಣನಿಗೆ ಪಶ್ಚಿಮ ಕೊಟ್ಟಿದ್ದೇವೆ, ಆದರೆ ಮಳೆ ಕೈಕೊಟ್ಟಾಗ ಬಿಟ್ಟರೆ ಅವನನ್ನು ಕೇಳುವವರಿಲ್ಲ. ಲೋಕ್‌ತಾಕ್ ಸರೋವರದಲ್ಲಿ ಪೌಬಿ ಲಾಯಿ ಅನ್ನುವ ಭಾರೀ ಸರ್ಪದ ಕಥೆ ಬೇರೆ ಇದೆ. 1983ರಲ್ಲಿ ಇಥಾಯಿ ಬ್ಯಾರೇಜ್ ಕಟ್ಟಿದ ಮೇಲೆ ಆ ಸರೋವರದ ನೀರಿನ ಏರಿಳಿತವೇ ಬದಲಾಯಿತು. ಅಲ್ಲಿ ತೇಲುವ ಹುಲ್ಲಿನ ಹಾಸುಗಳ ಮೇಲೆ ಬದುಕುವ ಸಂಗಾಯಿ ಜಿಂಕೆಗೂ ಅದರ ಪೆಟ್ಟು ಬಿದ್ದಿದೆ.

ನಮ್ಮಲ್ಲಿ ಅವರ ಈ ನೀರಿನ ದೇವರುಗಳಿಗೆ ಹತ್ತಿರದವಳು ಅಂದರೆ ಹಿರಿಯೂರಿನ ಕಣಿವೆ ಮಾರಮ್ಮ ಅನ್ನಿಸುತ್ತೆ. ವಾಣಿವಿಲಾಸ ಸಾಗರದ ಕಟ್ಟೆ ಹತ್ತಿರವೇ ಅವಳ ಗುಡಿ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಕಾಯಿಸಿದ ನೀರನ್ನು ದೇವರು ಅನ್ನದೆ ಇನ್ನೇನು ಅಂತಾರೆ, ಅಲ್ವಾ?