ಫಾದರ್ ಪ್ರಬೋಧನೆಯಲ್ಲಿ ಇಂಥದ್ದೆಲ್ಲ ಮಾತಾಡಬೇಕಾ?

ನಾನು ಕಥೋಲಿಕಳು ಅಂತ ಗೊತ್ತಾದವರು ಒಂದಲ್ಲ ಒಂದು ದಿನ ಇದನ್ನು ಕೇಳೇ ಕೇಳುತ್ತಾರೆ. ಗರ್ಭಪಾತ, ಮರಣದಂಡನೆ, ವಲಸಿಗರು... ಜನ ಎರಡು ಪಾಲಾಗುವ ವಿಷಯಗಳನ್ನು ಪ್ರಬೋಧನೆಯಲ್ಲಿ, ಅಂದರೆ ಪೂಜೆಯ ನಡುವಿನ ಉಪದೇಶದಲ್ಲಿ, ಯಾಕೆ ಎತ್ತಬೇಕು? ಬಂದವರು ಸುಮ್ನೆ ಪ್ರಾರ್ಥನೆ ಮಾಡಿಕೊಂಡು ಹೋಗಬಾರದಾ?

ಎತ್ತಲೇಬೇಕು. 1941ರ ಆಗಸ್ಟ್ 3ರಂದು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಬಿಷಪ್ ಫಾನ್ ಗಾಲೆನ್, ನಾಜಿಗಳು ಮಾನಸಿಕ ರೋಗಿಗಳನ್ನು ಕೊಲ್ಲುತ್ತಿದ್ದಾರೆ ಎಂದು ಪ್ರಬೋಧನೆಯಲ್ಲೇ ಹೇಳಿದರು. ಅದರ ಪ್ರತಿಗಳು ಗುಟ್ಟಾಗಿ ಕೈಯಿಂದ ಕೈಗೆ ಹೋದವು. ಅದೇ ತಿಂಗಳು ಹಿಟ್ಲರ್ ಆ ಯೋಜನೆ ನಿಲ್ಲಿಸಲು ಹೇಳಿದ. ಕೊಲೆ ಆಮೇಲೂ ಕದ್ದುಮುಚ್ಚಿ ನಡೆಯಿತು, ನಿಜ. ಆದರೂ ಆ ರೋಗಿಗಳ ಪರವಾಗಿ ಬಾಯಿ ಬಿಡುವವರು ಬೇಕಿತ್ತು ಅಲ್ವಾ?

ನನ್ನ ತಕರಾರು ಹೇಳುವ ರೀತಿಯ ಬಗ್ಗೆ. ಫಾನ್ ಗಾಲೆನ್ ಬೈದದ್ದು ಅಧಿಕಾರದಲ್ಲಿದ್ದವರನ್ನು. ಎಷ್ಟೋ ಸಲ ಬೈಗುಳ ಬೀಳುವುದು ಎದುರಿಗೆ ಕೂತವರ ಮೇಲೆ. ಒಮ್ಮೆ ಗರ್ಭಪಾತದ ಬಗ್ಗೆ ಪ್ರಬೋಧನೆ ನಡೆದಿತ್ತು. 'ಕೊಲೆಗಾರರು' ಅನ್ನುವ ಮಾತು ಮತ್ತೆ ಮತ್ತೆ ಬಂತು. ನನ್ನ ಪಕ್ಕದ ಹೆಂಗಸಿನ ಬೆರಳು ಜಪಮಾಲೆಯ ಒಂದೇ ಮಣಿಯ ಮೇಲೆ ನಿಂತುಬಿಟ್ಟಿತು. ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಪರಮಪ್ರಸಾದಕ್ಕೆ ಮುಂಚೆಯೇ ಎದ್ದು ಹೋದಳು. ಅವಳನ್ನು ಆ ಸ್ಥಿತಿಗೆ ತಳ್ಳಿದ ಗಂಡಸು ಯಾರಾದರೂ ಇದ್ದಿರಬಹುದು. ಅವನ ಬಗ್ಗೆ ಒಂದು ಮಾತೂ ಬರಲಿಲ್ಲ.

ಗರ್ಭಪಾತವನ್ನು ಅಷ್ಟು ಕಟುವಾಗಿ ವಿರೋಧಿಸಿದ ಪೋಪ್ ಎರಡನೇ ಜಾನ್ ಪಾಲ್ ಕೂಡ 1995ರಲ್ಲಿ ಇಡೀ ಸಭೆಗೆ ಬರೆದ ತಮ್ಮ ವಿಶ್ವಪತ್ರದಲ್ಲಿ ಅಂಥ ಹೆಂಗಸರಿಗೇ ನೇರವಾಗಿ ಬರೆದರು: ಎದೆಗುಂದಬೇಡಿ, ಭರವಸೆ ಬಿಡಬೇಡಿ, ದೇವರು ಕ್ಷಮಿಸಲು ಕಾದಿದ್ದಾನೆ. ಬೋಧನೆ ಒಂದಿಷ್ಟೂ ಸಡಿಲವಾಗಲಿಲ್ಲ. ಆದರೆ ಓದುವವಳು ಯಾರು ಅನ್ನುವುದು ಅವರ ಮನಸ್ಸಿನಲ್ಲಿತ್ತು.

ಒಂದೇ ವಿಷಯ ಹಿಡಿದು ಕೂರುವುದೂ ಸರಿಯಲ್ಲ. ವರ್ಷದಲ್ಲಿ ಹತ್ತು ಸಲ ಸಂಯಮದ ಬಗ್ಗೆ ಹೇಳಿ, ಪ್ರೀತಿ, ನ್ಯಾಯದ ಬಗ್ಗೆ ಎರಡು ಮೂರು ಸಲ ಮಾತ್ರ ಹೇಳಿದರೆ ಅಳತೆ ತಪ್ಪುತ್ತದೆ ಎಂದು ಪೋಪ್ ಫ್ರಾನ್ಸಿಸ್ 2013ರಲ್ಲೇ ಬರೆದಿದ್ದರು. ಪ್ರಬೋಧನೆ 8 ನಿಮಿಷ ಮೀರಬಾರದು ಅಂತಲೂ ಅವರು 2024ರಲ್ಲಿ ಹೇಳಿದರು. ಅಷ್ಟು ಹೊತ್ತಿನಲ್ಲಿ ವಾದ ಗೆಲ್ಲೋಕೆ ಆಗಲ್ಲ. ಒಬ್ಬರ ಮನಸ್ಸು ಮುಟ್ಟಬಹುದು.

ಅದಕ್ಕೇ ಫಾದರ್‌ಗಳಿಗೆ ನನ್ನ ಕೋರಿಕೆ ಇಷ್ಟೇ. ಇಂಥದ್ದು ಹೇಳಿದ ದಿನ ಪೂಜೆ ಮುಗಿದ ಕೂಡಲೇ ಹೊರಟುಬಿಡಬೇಡಿ. ಪಾಪನಿವೇದನೆ ಕೇಳೋಕೆ ಅರ್ಧ ಗಂಟೆ ಕೂತಿರಿ, ಕೂತಿರುತ್ತೇನೆ ಅಂತ ಮೊದಲೇ ಹೇಳಿ. ಅವತ್ತು ಆ ಹೆಂಗಸು ಬಾಗಿಲ ಹತ್ತಿರ ನಿಂತು ಒಮ್ಮೆ ತಿರುಗಿ ನೋಡಿದ್ದಳು.