ಇಂಜಿನ್ ಗಟ್ಟಿ, ತಳ ಟೊಳ್ಳು

ತೀರ್ಥಹಳ್ಳಿ, 14 ಅಕ್ಟೋಬರ್ 2025, ಮಂಗಳವಾರ

ಕಾರಿನ ಆರ್‌ಸಿ, ಅಂದರೆ ನೋಂದಣಿ, ಮುಂದಿನ ತಿಂಗಳು ಮುಗಿಯುತ್ತದೆ. 2010ರ ಡೀಸೆಲ್ ಗಾಡಿ, ಮೀಟರ್ 2,38,000 ಕಿಲೋಮೀಟರ್ ದಾಟಿದೆ. ಆರ್‌ಟಿಓದಲ್ಲಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಿ 5,000 ರೂಪಾಯಿ ಕಟ್ಟಿದರೆ ಇನ್ನೈದು ವರ್ಷ ಓಡಿಸಬಹುದು, ಹಸಿರು ತೆರಿಗೆ ಬೇರೆ. ಇಟ್ಟುಕೊಳ್ಳೋದಾ, ಬಿಡೋದಾ? ದಸರಾದಿಂದ ಮನೆಯಲ್ಲಿ ಇದೇ ಮಾತು.

ಹೊಸದು ತಗೊಳ್ಳಿ ಅನ್ನುವವರಿಗೆ ಈಗ ಜಿಎಸ್‌ಟಿ ಒಂದು ನೆಪ. ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ 28 ಹೋಗಿ 18 ಪರ್ಸೆಂಟ್ ಆಗಿದೆ, ನಿಜ. ಆದರೆ ಏಳು ಲಕ್ಷ ಸಾಲ ಮಾಡಿದರೆ, ಒಂಬತ್ತು ಪರ್ಸೆಂಟ್ ಬಡ್ಡಿಗೆ, ಐದು ವರ್ಷ ತಿಂಗಳಿಗೆ ಹದಿನಾಲ್ಕೂವರೆ ಸಾವಿರ ಕಂತು. ಅಡಿಕೆ ರೇಟು ಏರಲಿ ಇಳಿಯಲಿ, ಕಂತು ನಿಲ್ಲಲ್ಲ. ಇಂಜಿನ್ ಕೆಲಸಕ್ಕೆ ಅರವತ್ತು ಸಾವಿರ ಆದರೂ ನಾಲ್ಕೈದು ಕಂತಿನ ದುಡ್ಡು ಅಷ್ಟೇ ಅಲ್ವಾ ಅಂತ ನನ್ನ ವಾದ.

ಇವತ್ತು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಇಂಜಿನ್ ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಬೋರಲಾಗಿ ಅದೇ ತೂತಿನ ಮೇಲೆ ಇಟ್ಟರು. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಪಿಸ್ಟನ್ ಪಕ್ಕದಿಂದ ನುಸುಳಿದ ಗ್ಯಾಸ್ ಒತ್ತಿ ಮುಚ್ಚಳ ಕುಣಿದು ಬೀಳುತ್ತದೆ. ನಮ್ಮದು ಸಣ್ಣಗೆ ನಡುಗಿತು, ಅಷ್ಟೇ. ಆಯಿಲ್ ಉರಿದರೆ ಬರುವ ನೀಲಿ ಹೊಗೆಯೂ ಇಲ್ಲ. "ಇಂಜಿನ್ ಬಿಚ್ಚೋದೇ ಬೇಡ ಸಾರ್, ಇನ್ನೂ ಲಕ್ಷ ಓಡತ್ತೆ" ಅಂದರು. ವಾದ ಗೆದ್ದೆ ಅಂತ ಮನೆಗೆ ಫೋನ್ ಮಾಡೋಕೆ ಹೊರಟಿದ್ದೆ.

ಅಷ್ಟರಲ್ಲಿ ಗಾಡಿ ಮೇಲೆತ್ತಿದರು. ಹಿಂದಿನ ಸಸ್ಪೆನ್ಷನ್ ಕೂರುವ ಜಾಗದಲ್ಲಿ ಕಪ್ಪು ಕೋಟಿಂಗ್ ಉಬ್ಬಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದರು. ಬೇರೆ ಕಡೆ ಟಣ್ ಅಂದದ್ದು ಅಲ್ಲಿ ದಪ್ ಅಂತು. ತುದಿ ಒತ್ತಿದರೆ ಸಲೀಸಾಗಿ ಒಳಗೇ ಹೋಯಿತು. ಹಪ್ಪಳದ ಚೂರಿನಂಥ ತುಕ್ಕಿನ ಚಕ್ಕೆ, ಜೊತೆಗೆ ಒದ್ದೆ ಮಣ್ಣು ಉದುರಿತು. ನಮ್ಮ ಮಳೆ, ನಮ್ಮ ಮಣ್ಣು ರಸ್ತೆ. ಒಳಗೆ ಸೇರಿದ ಕೆಸರು ತಿಂಗಳುಗಟ್ಟಲೆ ಒಣಗೋದೇ ಇಲ್ಲ. ಮಲೆನಾಡಿನಲ್ಲಿ ಗಾಡಿ ಸಾಯೋದು ತಳದಿಂದ. ನಾವು ಸುಮ್ನೆ ಮೀಟರ್ ನೋಡ್ತಾ ಕೂತಿದ್ದೆವು.

ಬಾಗಿಲ ಕೆಳಗಿನ ತುಕ್ಕಾಗಿದ್ದರೆ ಪ್ಯಾಚ್ ಹೊಡೆಸಬಹುದಿತ್ತು. ಇದು ಭಾರ ಹೊರುವ ಜಾಗ. ವೆಲ್ಡಿಂಗ್ ಹಿಡಿಯೋಕೆ ಸುತ್ತ ಗಟ್ಟಿ ತಗಡು ಬೇಕು, ಅದೂ ತೆಳ್ಳಗಾಗಿದೆ. "ಮಾಡಿ ಅಂದ್ರೆ ಮಾಡ್ಕೊಡ್ತೀನಿ. ಆದ್ರೆ ನಾನಂತೂ ಅದ್ರಲ್ಲಿ ಆಗುಂಬೆ ಘಾಟಿ ಇಳಿಯಲ್ಲ" ಅಂದರು. ಅಲ್ಲಿಗೆ ಮುಗಿಯಿತು.

ಪಕ್ಕದಲ್ಲಿ ನಿಂತಿದ್ದವರೊಬ್ಬರು, ಮೇಲೆ ಕೋಟಿಂಗ್ ಬಳಿಸಿ ಎಕ್ಸ್‌ಚೇಂಜ್‌ಗೆ ಬಿಡಿ, ಯಾರು ಬಗ್ಗಿ ನೋಡ್ತಾರೆ ಅಂದರು. ಯಾರದೋ ಮನೆ ಮಕ್ಕಳು ಕೂರೋ ಗಾಡಿ ಸ್ವಾಮಿ! ನೋಂದಾಯಿತ ಗುಜರಿ ಕೇಂದ್ರಕ್ಕೇ ಕೊಡುತ್ತೇನೆ. ಆರ್‌ಸಿಯೂ ರದ್ದಾಗಬೇಕು, ಇಲ್ಲದಿದ್ದರೆ ಇನ್ಯಾರೋ ಓಡಿಸಿದ ಕೇಸು ನನ್ನ ಹೆಸರಿಗೆ.

ಹಾಗಂತ ಶೋರೂಮಿಗೆ ಹೋಗಲ್ಲ. ನಾಲ್ಕೈದು ವರ್ಷ ಹಳೆಯದು ಸಾಕು. 2019ರ ಜುಲೈ ನಂತರದವಕ್ಕೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದರೂ ಚಕ್ರ ಜಾಮ್ ಆಗದ ವ್ಯವಸ್ಥೆ), ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ಅದಾದರೂ ಸಿಗುತ್ತದೆ. ಬಯಲುಸೀಮೆಯಲ್ಲೇ ಓಡಿದ ಗಾಡಿ ಬೇಕು. ಲಕ್ಷ ಕಿಲೋಮೀಟರ್ ಆಗಿದ್ದರೂ ಚಿಂತೆಯಿಲ್ಲ. ದಾವಣಗೆರೆಯ ಭಾವನಿಗೆ ಹೇಳಿದ್ದೇನೆ. ದೀಪಾವಳಿ ಕಳೀಲಿ, ಎರಡು ಮೂರು ನೋಡಿಡ್ತೀನಿ ಅಂದಿದ್ದಾರೆ.